ಗುಡ್ಡ ಕಾಣುತ್ತಾ ಎಂದು ಕೇಳುವವಳು

"ಅತ್ತೆ, ಗುಡ್ಡ ಕಾಣ್ಸುತ್ತಾ?"

ಈಗಷ್ಟೇ ಬೆಳಕು ಹರಿಯುತ್ತಿದೆ. ಮೂರನೇ ಮಹಡಿಯ ಇಕ್ಕಟ್ಟಾದ ಕೋಣೆಯಲ್ಲಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಈಕೆ ಕೇಳುತ್ತಾಳೆ. ಕಣ್ಣು ಮಾತ್ರ ಕಂಪ್ಯೂಟರ್ ಪರದೆಯ ಮೇಲೆ. ಗುಡ್ಡದಾಚೆಯ ಕಾಡು ವಾರದಿಂದ ಉರಿಯುತ್ತಿದೆ. ನಿನ್ನೆ ಸಂಜೆ ಉಪಗ್ರಹ ತೆಗೆದ ಹೊಗೆಯ ಚಿತ್ರ ನೋಡಿ, ಗಾಳಿಯ ದಿಕ್ಕು, ತೇವ ಎಲ್ಲ ಸೇರಿಸಿ, ನಾವು ಉಸಿರಾಡುವ ಗಾಳಿ ಎಷ್ಟು ಕೆಟ್ಟಿದೆ ಎಂದು ಅಂದಾಜಿಸಿ ನಕ್ಷೆ ಮಾಡುವುದು ಈಕೆಯ ಕೆಲಸ. ಮಕ್ಕಳನ್ನು ಮೈದಾನಕ್ಕೆ ಬಿಡಬೇಕೋ ಬೇಡವೋ ಎಂದು ಶಾಲೆಗಳು ತೀರ್ಮಾನಿಸುವುದು ಈ ನಕ್ಷೆ ನೋಡಿಯೇ.

"ಉಪಗ್ರಹ ಮೇಲಿಂದ ನೋಡುತ್ತೆ. ಹೊಗೆ ಎಲ್ಲೋ ಎತ್ತರದಲ್ಲಿ ತೇಲ್ತಿದೆಯೋ, ನಮ್ಮ ಮೂಗಿನ ಹತ್ರಾನೇ ಇದೆಯೋ, ಅದಕ್ಕೇನು ಗೊತ್ತು ಪಾಪ!" ಎಂದು ನಮಗೆ ವಿವರಿಸುತ್ತಾಳೆ.

ಕಚೇರಿಯಲ್ಲಿ ಈಕೆಗೆ 'ಹೊಗೆಯಕ್ಕ' ಎಂದೇ ಹೆಸರು. "ಒಲೆ ಮೇಲೆ ಹಾಲು ಸೀದರೆ ಇವಳಿಗೆ ವಾಸನೆ ಬರಲ್ಲ, ಕಾಡಿನ ಹೊಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತೆ" ಎಂದು ಗಂಡ ರೇಗಿಸುತ್ತಾರೆ.

ಕಳೆದ ಬೇಸಿಗೆಯಲ್ಲಿ ಒಂದು ಎಡವಟ್ಟಾಯಿತು. ತೀರಾ ದಟ್ಟವಾದ ಹೊಗೆಯನ್ನು ಕಂಪ್ಯೂಟರ್ ಮೋಡವೆಂದುಕೊಂಡು ಲೆಕ್ಕದಿಂದಲೇ ಬಿಟ್ಟಿತು. ಅತ್ತೆಯ ಬಡಾವಣೆ ನಕ್ಷೆಯಲ್ಲಿ ಬೆಳ್ಳಗೆ ಖಾಲಿ ಉಳಿಯಿತು. ಖಾಲಿ ಎಂದರೆ 'ಗೊತ್ತಿಲ್ಲ' ಎಂದರ್ಥ, ಆದರೆ ಜನ ಅದನ್ನು 'ಗಾಳಿ ಚೆನ್ನಾಗಿದೆ' ಎಂದು ಓದಿಕೊಂಡರು. ಉಬ್ಬಸದ ಅತ್ತೆಯೂ ನಮ್ಮ ಹುಡುಗಿಯ ನಕ್ಷೆಯಲ್ಲವೇ ಎಂದು ನಂಬಿ ವಾಕಿಂಗ್ ಹೋದರು, ಅಲ್ಲಿಂದ ನೇರ ಆಸ್ಪತ್ರೆಗೆ.

"ಜೀವವೇ ಬಾಯಿಗೆ ಬಂದಿತ್ತು. ನಾನೇ ಕೈಯಾರೆ ಹೊರಗೆ ಕಳಿಸಿದ ಹಾಗಲ್ವಾ?" ಎನ್ನುವಾಗ ಈಕೆಯ ದನಿ ಈಗಲೂ ತಗ್ಗುತ್ತದೆ.

ಅಂದಿನಿಂದ ನಕ್ಷೆಯಲ್ಲಿ ಎಲ್ಲೇ ಬಿಳಿ ಕಂಡರೂ ಅಲ್ಲಿಯ ಯಾರಿಗಾದರೂ ಫೋನ್ ಮಾಡಿ, ಗುಡ್ಡ ಕಾಣುತ್ತಾ ಎಂದು ಕೇಳದೆ ಬಿಡುವುದಿಲ್ಲ; ಕಾಣದಿದ್ದರೆ ಹೊಗೆ ಕೆಳಗೇ ಇದೆ ಎಂದರ್ಥ. ಇಂದು ಮತ್ತೆ ಅತ್ತೆಯ ಬಡಾವಣೆಯೇ ಬಿಳಿ. ಅಲ್ಲಿಯ ಶಾಲೆಯಲ್ಲಿ ಇವತ್ತು ಆಟೋಟ ಸ್ಪರ್ಧೆ ಬೇರೆ. "ಬೇಗ ಕಳಿಸಮ್ಮ, ಶಾಲೆಯವರು ಕಾಯ್ತಿದಾರೆ" ಎಂದು ಮೇಲಧಿಕಾರಿ ಬಾಗಿಲಲ್ಲೇ ನಿಂತಿದ್ದಾರೆ.

"ಒಂದ್ನಿಮಿಷ ಸರ್."

ಫೋನಿನಲ್ಲಿ ಅತ್ತೆ ಕೆಮ್ಮುತ್ತಾರೆ. "ಗುಡ್ಡ ಎಲ್ಲಿ ಬಂತು ಪುಟ್ಟಿ, ಎದುರುಮನೆ ನೀರಿನ ಟ್ಯಾಂಕೇ ಕಾಣ್ತಿಲ್ಲ. ಕಿಟಕಿ ಹಾಕ್ಕೊಂಡೇ ಕೂತಿದೀನಿ, ಬೈಬೇಡ ಮಾರಾಯ್ತಿ."

ಈಕೆ ಬಿಳಿಯ ಜಾಗಕ್ಕೆ ಬೂದು ಗೆರೆ ಎಳೆದು, 'ಅಳತೆ ಸಿಕ್ಕಿಲ್ಲ, ದಟ್ಟ ಹೊಗೆ ಇದೆ, ಮಕ್ಕಳನ್ನು ಹೊರಗೆ ಬಿಡಬೇಡಿ' ಎಂದು ಬರೆದು ಕಳಿಸುತ್ತಾಳೆ. ಸ್ವಲ್ಪ ಹೊತ್ತಿಗೆ ಶಾಲೆಯಿಂದ ಉತ್ತರ ಬರುತ್ತದೆ: ಸ್ಪರ್ಧೆ ಮುಂದಕ್ಕೆ ಹೋಗಿದೆ. ಆಗಲೇ ಈಕೆ ಕುರ್ಚಿಗೆ ಒರಗುವುದು.

ಆಸೆ ಏನಾದರೂ ಇದೆಯಾ ಎಂದರೆ ನಗುತ್ತಾಳೆ.

"ದೊಡ್ಡದೇನಿಲ್ಲಪ್ಪ. ಒಂದು ದಿನ ಅತ್ತೆ ಬೈಬೇಕು, 'ಗುಡ್ಡ ಅಲ್ಲೇ ಬಿದ್ದಿದೆ ಕಣೇ, ನನಗೆ ವಾಕಿಂಗ್‌ಗೆ ಹೊತ್ತಾಯ್ತು, ಇಡು ಫೋನು' ಅಂತ."