ಕುಲಗೋಡದ ಹೊಲದಲ್ಲಿ ಕಾಡುಸಾಸಿವೆ

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಯಮಕನಮರಡಿಯಲ್ಲಿ ಬಸ್ಸು ಹತ್ತಿದೆ. ಹಿಂದಿನ ಸಂಜೆ ಕುಲಗೋಡದಿಂದ ಅಣ್ಣನ ಹೆಂಡತಿ ಮಹಾದೇವಿ ವೈನಿ ಫೋನು ಮಾಡಿದ್ದರು. "ಸುಮಾ, ಬೀಜಕ್ಕಂತ ಬಿಟ್ಟ ಸಾಸಿವ್ಯಾಗ ಅಡವಿ ಸಾಸಿವಿ ಎದ್ದೈತಿ. ನಾಳೆ ಮಧ್ಯಾಹ್ನ ಸಾಹೇಬ್ರು ನೋಡಾಕ ಬರತಾರ. ನನ್ನೊಬ್ಬಾಕಿ ಕೈಲೆ ಆಗೂದಿಲ್ಲ, ಬಾ." ಆ ಅರ್ಧ ಎಕರೆಯ ಬೀಜವನ್ನು ಊರಿನ ಹೆಣ್ಣುಮಕ್ಕಳ ಸಂಘದವರೆಲ್ಲ ಹಂಚಿಕೊಂಡು ಬಿತ್ತುವವರಿದ್ದರು. ಕಳೆಯ ಬೀಜ ಬೆರೆತರೆ ಎಲ್ಲರ ಹೊಲವೂ ಕೆಡುತ್ತದೆ. ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಮಲಗಿದ್ದು ಮತ್ತೆ ಮೊಳೆಯುತ್ತದೆ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ನನ್ನನ್ನಲ್ಲದೆ ಇನ್ನಾರನ್ನು ಕರೆದಾರು ಎಂದು ಬೀಗುತ್ತಲೇ ಹೊರಟಿದ್ದೆ.

ಕೊಣ್ಣೂರಿನ ಹತ್ತಿರ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿತು. ಗೋಕಾಕದಲ್ಲಿ ಬಸ್ಸು ಬದಲಿಸಿ ಕುಲಗೋಡ ಮುಟ್ಟಿದಾಗ ಹತ್ತೂವರೆ. ವೈನಿ ರೊಟ್ಟಿ, ಗುರೆಳ್ಳು ಚಟ್ನಿ ಬಡಿಸಿ ನೇರ ಹೊಲಕ್ಕೆ ಕರೆದೊಯ್ದರು.

ಹೊಲವೆಲ್ಲ ಹಳದಿ. ಎರಡೂ ಗಿಡಗಳಿಗೆ ಅದೇ ನಾಲ್ಕೆಸಳಿನ ಹೂವು. ತಳದ ಎಲೆ ಒರಟಾಗಿ ಕಂಡ ಗಿಡವೊಂದನ್ನು ಕಿತ್ತೆ. ಅಂಥದ್ದೇ ಇನ್ನೊಂದನ್ನೂ ಕಿತ್ತೆ.

"ತಡಿ, ತಡಿ! ಅವು ನಮ್ಮವ ಅದಾವು," ಎಂದು ವೈನಿ ನನ್ನ ಕೈ ಹಿಡಿದು ಮತ್ತೊಂದು ಗಿಡದ ಬುಡಕ್ಕೆ ಇಟ್ಟರು. ಬಿರುಸಾದ ರೋಮ ಬೆರಳಿಗೆ ಚುಚ್ಚಿತು. "ಇದು ಅಡವೀದು. ಮ್ಯಾಲಿನ ಎಲಿ ನೋಡು, ತೊಟ್ಟ ಇಲ್ಲ, ನೇರ ದಂಟಿಗೇ ಕುಂತೈತಿ. ನಮ್ಮದಕ್ಕ ತೊಟ್ಟು ಐತಿ."

"ಯಾರ ಕಲಿಸಿದ್ರು, ವೈನಿ?"

"ಯಾರ ಕಲಸ್ತಾರ? ದಿನಾ ಕೈಯಾಡಸ್ತೀನಿ."

ಅವರಿಗೆ ಬೇಕಾಗಿದ್ದದ್ದು ನನ್ನ ವಿದ್ಯೆಯಲ್ಲ, ನನ್ನ ಎರಡು ಕೈ. ಹೊಸದಾಗಿ ಮಣ್ಣು ಅಗೆದು ಹಾಕಿದ್ದ ಕಾಲುವೆಯ ದಂಡೆಯಲ್ಲೇ ಕಾಡುಸಾಸಿವೆ ದಟ್ಟವಾಗಿತ್ತು. ಅಲ್ಲಿಂದ ಒಳಗಿನ ಸಾಲುಗಳಿಗೆ ನುಗ್ಗಿತ್ತು. ತಾಯಿಬೇರು ಸಮೇತ ಕಿತ್ತು, ಉದ್ದ ಕೊಕ್ಕಿನ ಎಳೆಗಾಯಿಗಳು ಉದುರದಂತೆ ಚೀಲಕ್ಕೆ ತುಂಬಿದೆವು.

ಮೂರಕ್ಕೆ ಬಂದ ಬೀಜ ತಪಾಸಣೆಯ ಅಧಿಕಾರಿ ಸಾಲು ಸಾಲಾಗಿ ಬಾಗಿ ನೋಡಿದರು. ವೈನಿ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದರು. ಕೊನೆಯ ಸಾಲು ಮುಗಿಸಿ ಅಧಿಕಾರಿ, "ಚೊಕ್ಕ ಐತ್ರಿ. ಬೀಜಕ್ಕ ಬಿಡ್ರಿ," ಎಂದು ನನ್ನ ಕಡೆ ತಿರುಗಿದರು. "ಮೇಡಂ, ನೀವು ಗುರುತು ಹಿಡಿದ್ರೇನ್ರಿ?"

"ಇಲ್ರಿ. ನಾ ಎರಡು ಚಲೋ ಗಿಡ ಕಿತ್ತೀನ್ರಿ. ಗುರುತು ಹಿಡಿದವ್ರು ನಮ್ಮ ವೈನಿ."

ವೈನಿ ಸೆರಗು ಬಿಟ್ಟು ನೆಟ್ಟಗೆ ನಿಂತರು.

ಮರುದಿನ ಒಂದು ಕಾಡುಸಾಸಿವೆಯನ್ನು ಪತ್ರಿಕೆಯ ಹಾಳೆಗಳ ನಡುವೆ ಇಟ್ಟುಕೊಂಡು ಮರಳಿದೆ. ಅದು ಒಣಗಿದ ಮೇಲೆ ಕಾಲೇಜಿನ ಒಣಸಸ್ಯ ಸಂಗ್ರಹದ ಹಾಳೆಗೆ ಅಂಟಿಸಿದೆ. 'ಗುರುತಿಸಿದವರು' ಎಂಬಲ್ಲಿ ಇಷ್ಟು ವರ್ಷ ನನ್ನ ಹೆಸರನ್ನೇ ಬರೆಯುತ್ತಿದ್ದೆ. ಈ ಸಲ ದುಂಡಗಿನ ಅಕ್ಷರದಲ್ಲಿ ಬರೆದೆ: ಮಹಾದೇವಿ, ರೈತ ಮಹಿಳೆ, ಕುಲಗೋಡ.