ಅಣ್ಣುವಿನ ತೋಪಿಗೆ ಬಾರದ ಕರೆಂಟು

ಚೆಂಬೂರಿನ ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವ ಅಣ್ಣುವಿಗೆ ಯಾರ ಮೇಲೂ ನಂಬಿಕೆ ಇಲ್ಲ. ಹಿಟ್ಟು ರುಬ್ಬಿದವನನ್ನೂ ನಂಬುವುದಿಲ್ಲ, ಬೆರಳದ್ದಿ ನೋಡಿಯೇ ಕಾವಲಿಗೆ ಹೊಯ್ಯುವುದು. ಪಕ್ಕದ ಒಲೆಯವನು ಉರಿ ಏರಿಸಿ ಇವನ ಒಲೆ ಸಣ್ಣಗಾದರೆ, ಅದು ಕಳ್ಳತನವೇ ಎಂದು ಸೌಟು ಎತ್ತುವ ಆಸಾಮಿ. ಇಂಥವನು ಫೋನಿನ ಆಟದಲ್ಲಿ ಇನ್ನಿಬ್ಬರ ಜತೆ ಒಂದೇ ಹಡಗಿಗೆ ಹತ್ತಿದ್ದೇ ಆಶ್ಚರ್ಯ.

ಆಟ ಬಾಹ್ಯಾಕಾಶದ್ದು. ದೇಶವಿದೇಶದ ಜನ ಆನ್‌ಲೈನಿನಲ್ಲಿ ಹಡಗು ಹಾರಿಸಿಕೊಂಡು ಬಡಿದಾಡುತ್ತಾರೆ. ಒಬ್ಬನೇ ಹಾರಿಸುವ ಸಣ್ಣ ಹಡಗೂ ಉಂಟು, ಮೂವರು ಕೂರುವ ದೊಡ್ಡದೂ ಉಂಟು. ಅಣ್ಣು ಇದ್ದ ದೊಡ್ಡ ಹಡಗನ್ನು ಓಡಿಸುವವಳು ಅವನ ಅಕ್ಕನ ಮಗಳು, ಮಲಾಡಿನ ಲಾವಣ್ಯಾ. ಎಂಜಿನ್ ಕೋಣೆಯಲ್ಲಿ ಅವಳ ಗಂಡ ಹಿತೇಶ್. ತೋಪಿನ ಕುರ್ಚಿ ಅಣ್ಣುವಿನದು. ರವಿವಾರ ಊಟದ ಗಲಾಟೆ ಮುಗಿದ ಮೇಲೆ ಹೋಟೆಲಿನ ಅಟ್ಟದಲ್ಲಿ ಉಳಿದವರು ಗೊರಕೆ ಹೊಡೆದರೆ ಇವನು ಗುಂಡು ಹೊಡೆಯುತ್ತಿದ್ದ. ದಿನವಿಡೀ ನಿಂತೇ ದುಡಿಯುವ ಮನುಷ್ಯನಿಗೆ ತನ್ನದೆಂದು ಇದ್ದ ಕುರ್ಚಿ ಅದೊಂದೇ.

ಮೊದಲು ಮೂವರ ಹಡಗಿನೆದುರು ಒಂಟಿ ಹಡಗು ನಿಲ್ಲುತ್ತಲೇ ಇರಲಿಲ್ಲ. ಒಂಟಿಯವರು ಅತ್ತರು, ಬೈದರು. ಆಟ ಮಾಡಿದ ಕಂಪನಿಯವರು ತಕ್ಕಡಿ ಸರಿ ಮಾಡುತ್ತೇವೆಂದು ಒಂಟಿ ಹಡಗಿಗೆ ಬಲ ತುಂಬಿ, ದೊಡ್ಡ ಹಡಗಿನ ಕರೆಂಟಿಗೆ ಕತ್ತರಿ ಹಾಕಿದರು. ಇನ್ನು ತೋಪು, ಕವಚ, ಎಂಜಿನ್ ಮೂರಕ್ಕೂ ಒಟ್ಟಿಗೆ ಸಾಲದು. ಯಾವುದಕ್ಕೆ ಎಷ್ಟೆಂದು ಎಂಜಿನ್ ಕೋಣೆಯವನೇ ಹಂಚಬೇಕು. ಅಂದರೆ ಹಿತೇಶ್.

ಅಂದಿನಿಂದ ಅಣ್ಣುವಿನ ತೋಪು ಕೆಮ್ಮತೊಡಗಿತು. ಗುರಿ ಸಿಕ್ಕ ಹೊತ್ತಿಗೇ ಕರೆಂಟಿಲ್ಲ. 'ಏಕ್ಲಾ' ಎಂದು ಹೆಸರಿಟ್ಟುಕೊಂಡ ಯಾವನೋ ಒಂಟಿ ಹಡಗಿನವನು ಬಂದು ಬಂದು ಇವರನ್ನು ಸುಟ್ಟು ಹಾಕಿದ.

"ಮಾಮ, ನಿಮ್ಮ ಗುರಿ ಯಾಕೋ ಬೀಳ್ತಾ ಇಲ್ಲ," ಎಂದಳು ಲಾವಣ್ಯಾ. "ಸುಹಾಸನನ್ನು ಕೂರಿಸಿ ನೋಡುವಾ?"

ಸುಹಾಸ ಹಿತೇಶನ ಗೆಳೆಯ. ಅಣ್ಣುವಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಗೆಳೆಯನನ್ನು ಒಳಗೆ ತರಲಿಕ್ಕೆ ಅಳಿಯ ಬೇಕೆಂದೇ ತೋಪನ್ನು ಉಪವಾಸ ಕೆಡವುತ್ತಿದ್ದಾನೆ! ಮುಂದಿನ ರವಿವಾರ ಕಾವಲಿಯ ಮುಂದೆ ಪಕ್ಕದ ಒಲೆಯ ಸುಕೇಶನನ್ನು ನಿಲ್ಲಿಸಿ, ಕುರ್ಲಾದಲ್ಲಿ, ದಾದರಿನಲ್ಲಿ ಲೋಕಲ್ ಬದಲಿಸಿ, ಹೇಳದೆ ಕೇಳದೆ ಮಲಾಡಿಗೆ ಹೋಗಿ ಬೆಲ್ ಒತ್ತಿದ.

"ಅರೆ ಮಾಮ! ಅಚಾನಕ್?" ಎಂದ ಹಿತೇಶ್.

"ನಿನ್ನ ಕೈ ನೋಡ್ಲಿಕ್ಕೆ ಬಂದದ್ದು. ನನ್ನ ತೋಪಿನ ಕರೆಂಟು ಎಲ್ಲಿಗೆ ಹೋಗ್ತದೆ ಅಂತ. ನಾನು ದೋಸೆ ಹೊಯ್ಯುವವ ಮಾರಾಯ, ಕುರುಡ ಅಲ್ಲ."

"ಚಾ ಕುಡಿದು ಜಗಳ ಮಾಡಿ ಮಾಮ," ಎಂದು ಲಾವಣ್ಯಾ ಲೋಟ ಕೊಟ್ಟಳು. ಅಣ್ಣು ಅದನ್ನೂ ಮೂಸಿಯೇ ಕುಡಿದ.

ಹಿತೇಶನಿಗೆ ನಗು ಬಂತು. "ಹಾಗಾದ್ರೆ ಸೀಟ್ ಬದಲ್ ಮಾಡುವ. ನೀವು ಎಂಜಿನ್, ನಾನು ತೋಪು. ಖುದ್ ದೇಖ್ ಲೋ, ನೀವೇ ನೋಡಿ."

ಇದರಲ್ಲೂ ಏನೋ ಮಸಲತ್ತು ಇದೆ ಅನಿಸಿತು. ಆದರೆ ಕಳ್ಳನ ಕೋಣೆ ಒಳಗಿನಿಂದ ನೋಡುವ ಅವಕಾಶ ಬಿಡುವುದುಂಟೇ? ಅಣ್ಣು ಕುಳಿತ.

ಏಕ್ಲಾ ಬಂದ. ಹಿತೇಶ್ "ಪವರ್!" ಅಂದ. ನಾನು ನಿನ್ನ ಹಾಗೆ ಜುಗ್ಗ ಅಲ್ಲ ಎಂದು ತೋರಿಸಲು ಅಣ್ಣು ಇದ್ದದ್ದೆಲ್ಲ ತೋಪಿಗೇ ಸುರಿದ. ಕವಚದ ಪಟ್ಟಿ ಕಣ್ಣೆದುರೇ ಕೆಂಪಾಯಿತು. ಏಕ್ಲಾನ ಎರಡು ಗುಂಡು ಬಿದ್ದವು, ಹಡಗು ನಡುಗಿತು. ಅಣ್ಣು ಗಡಬಡಿಸಿ ಕರೆಂಟನ್ನೆಲ್ಲ ಕವಚಕ್ಕೆ ಎಳೆದ.

"ಮಾಮ, ಪವರ್ ದೋ ನಾ! ಸಾಮ್ನೆ ಇದ್ದಾನೆ ಅವನು!"

"ಕೊಡುದಿಲ್ಲ! ಹಡಗು ಒಡೀತಾ ಉಂಟು, ಕಾಣುದಿಲ್ವಾ ನಿಂಗೆ? ಬಾಯಿ ಮುಚ್ಚಿ ಕೂತ್ಕೋ!"

ಲಾವಣ್ಯಾ ಹಡಗನ್ನು ಬಂಡೆಯೊಂದರ ಹಿಂದೆ ಅಡಗಿಸಿದಳು. ಕವಚ ತುಂಬುವ ತನಕ ಅಣ್ಣು ಉಸಿರು ಬಿಡಲಿಲ್ಲ. "ಈಗ ಹೊರಗೆ ತೆಗಿ ಮಗಾ. ಹಿತೇಶಾ, ತಗೋ, ಹೊಡಿ!" ಒಂದೇ ಸುರಿಮಳೆಗೆ ಏಕ್ಲಾ ಚೂರುಚೂರಾದ.

"ಪವರ್ ಯಾಕೆ ಕೊಡ್ಲಿಲ್ಲ ಮಾಮ?" ಹಿತೇಶ್ ಮೆಲ್ಲಗೆ ಕೇಳಿದ.

"ಕೊಟ್ಟಿದ್ರೆ ಸಾಯ್ತಿದ್ದೆವು," ಎಂದ ಅಣ್ಣು. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ನಾಲಿಗೆ ಕಚ್ಚಿಕೊಂಡ.

"ನೀವು ಎಂಜಿನಿನಲ್ಲೇ ಇರಿ ಮಾಮ," ಲಾವಣ್ಯಾ ಹೇಳಿದಳು. "ಇವರಿಗಿಂತ ಚಂದ ಹಂಚ್ತೀರಿ. ಸುಹಾಸ ಗಿಹಾಸ ಯಾರೂ ಬೇಡ."

ಅಣ್ಣು ಉಬ್ಬಿಹೋದ. ಆಯ್ತು ಅಂದ. ಊಟವನ್ನೂ ಮಾಡಿ ಹೊರಟ.

ಗಾಡಿ ಅಂಧೇರಿ ದಾಟುವಾಗ ತಲೆಯೊಳಗೆ ಹುಳ ಎದ್ದಿತು. ತೋಪಿನ ಕುರ್ಚಿ ಉಳಿಸಲಿಕ್ಕೆ ಹೋದವನು ನಾನು. ಈಗ ಅದರಲ್ಲಿ ಕೂತವನು ಯಾರು? ಲಾವಣ್ಯಾಳಿಗೆ ಫೋನ್ ಹಚ್ಚಿದ.

"ಮಗಾ, ನಿಜ ಹೇಳು. ನನ್ನನ್ನು ಎಂಜಿನಿಗೆ ಹಾಕುವ ಅಂತ ನೀವು ಮೊದಲೇ ಮಾತಾಡಿದ್ರಾ?"

ಆ ಕಡೆಯಿಂದ ನಗು ಕೇಳಿಸಿತು. ಒಬ್ಬರದಲ್ಲ, ಇಬ್ಬರದು.

"ನಗಾಡಿ, ನಗಾಡಿ," ಎಂದ ಅಣ್ಣು, ಬಾಗಿಲ ಬಳಿಯ ಜನರೆಲ್ಲ ತಿರುಗಿ ನೋಡುವಂತೆ. "ಬರುವ ರವಿವಾರ ನಿನ್ನ ಗಂಡನಿಗೆ ಕರೆಂಟು ಬೇಕಾದ್ರೆ ನನ್ನ ಹತ್ರವೇ ಕೇಳ್ಬೇಕಲ್ಲ?"