ಎರಡಡಿ ಪೈಪು

ಮುನಿಗಂಗಮ್ಮನನ್ನು ಕರೆದೊಯ್ಯಲು ಕಾರು ಬಂತು! ನಗರದಂಚಿನ ಸಿಂಗಾಪುರವೆಂಬ ಹಳ್ಳಿಯಲ್ಲಿ ಅರವತ್ತೆಂಟು ವರ್ಷ ಬಾಳಿದವಳ ಮನೆ ಮುಂದೆ ಅದುವರೆಗೆ ಅವಳಿಗಾಗಿ ಯಾರ ಕಾರೂ ನಿಂತಿರಲಿಲ್ಲ. ಅಂದು ನಡೆದೇ ಹೋಗಿದ್ದರೆ ಚೆನ್ನಾಗಿತ್ತೋ ಏನೋ. ನಡೆಯುವಾಗ ಮನುಷ್ಯರಿಗೆ ಒಂದಿಷ್ಟು ವಿವೇಕ ಬರುತ್ತದೆ.

ಅವಳದು ನೀರುಗಂಟಿಯ ಮನೆ. ಕೆರೆಯ ತೂಬೆತ್ತಿ ಗದ್ದೆಗದ್ದೆಗೆ ನೀರು ಹಂಚುವ ಕೆಲಸ. ಗಂಡ ತೀರಿಕೊಂಡ ಮೇಲೆ ಗುದ್ದಲಿಯನ್ನು ಅವಳೇ ಹಿಡಿದಳು. ನೀರಿಗಾಗಿ ಸಿಂಗಾಪುರದವರೂ ಅಬ್ಬಿಗೆರೆಯವರೂ ಕುಡುಗೋಲು ಹಿಡಿದು ಬಂದಾಗ ನಡುವೆ ನಿಂತು, "ಆಚೆಗರ್ಧ, ಈಚೆಗರ್ಧ. ಓಗ್ರಪ್ಪ ಮನೆಗೆ" ಎಂದು ಕಳಿಸಿದವಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಷ್ಟೇ ಅವಳ ಜಾಣತನ. ಗದ್ದೆಗಳೆಲ್ಲ ಸೈಟುಗಳಾದ ಮೇಲೆ ಅದನ್ನು ಕೇಳುವವರೇ ಇರಲಿಲ್ಲ.

ಈಗ ಎರಡೂ ಊರುಗಳ ನಡುವೆ ಹೊಸ ರಸ್ತೆ. ಅದು ಹಳೆಯ ಕಾಲುವೆಯನ್ನು ದಾಟುವ ಕಡೆ ಜಗಳ ಹತ್ತಿತ್ತು. ಕಾಲುವೆ ಅಬ್ಬಿಗೆರೆ ಕಡೆಯಿಂದ ಇಳಿದು ಸಿಂಗಾಪುರದ ಕೆರೆಗೆ ಬರುವಂಥದು. ರಸ್ತೆಯಡಿ ನಾಲ್ಕಡಿ ಪೈಪು ಹಾಕದಿದ್ದರೆ ಮಳೆನೀರು ತಮ್ಮೂರಿಗೇ ತಿರುಗುತ್ತದೆ, ರಸ್ತೆಗೆ ಜಾಗ ಬಿಡುವುದಿಲ್ಲವೆಂದು ಅಬ್ಬಿಗೆರೆಯ ಅನಂತರಾಜು ಕೂತಿದ್ದ. ಅಷ್ಟು ದೊಡ್ಡ ಪೈಪು ಹಾಕಿದರೆ ರಸ್ತೆ ಎತ್ತರವಾಗಿ ತನ್ನ ಅಂಗಡಿ ಸಾಲು ಗುಂಡಿಗೆ ಬೀಳುತ್ತದೆ, ಪೈಪೇ ಬೇಡ ಎಂದು ಸಿಂಗಾಪುರದ ಬಿಲ್ಡರ್ ನಾಗೇಶ್ ಹಟ ಹಿಡಿದಿದ್ದ. ಎಂಟು ತಿಂಗಳಿಂದ ಜಲ್ಲಿ ರಾಶಿ ಬಿದ್ದಲ್ಲೇ ಬಿದ್ದಿತ್ತು.

ಮುನಿಗಂಗಮ್ಮನಿಗೂ ರಸ್ತೆ ಬೇಕಿತ್ತು. ಒಬ್ಬಳೇ ಮಗಳು ನಾಗಲಕ್ಷ್ಮಿ ಅಬ್ಬಿಗೆರೆಯ ತಗ್ಗಿನ ಬೀದಿಯಲ್ಲಿ, ಅದೇ ಕಾಲುವೆಯ ಮಗ್ಗುಲಲ್ಲಿ, ಮನೆ ಕಟ್ಟಿಸಿಕೊಂಡಿದ್ದಳು. ಮೊಮ್ಮಗಳಿಗೆ ಎರಡು ವರ್ಷ. ಸುತ್ತಿ ಬಳಸಿ ಹೋಗಲು ಎರಡು ಬಸ್ಸು ಹತ್ತಬೇಕು; ರಸ್ತೆಯಾದರೆ ಹತ್ತು ನಿಮಿಷ. ಅದಕ್ಕೇ ನಾಗೇಶ್ ಕಳಿಸಿದ ಕಾರು ಹತ್ತಿ ಎರಡೂ ಊರಿನವರು ಸೇರಿದ್ದ ರಾಜಿ ಸಭೆಗೆ ಬಂದಳು.

"ಈ ಕಾಲ್ವೇಲಿ ನೀರು ಬಂದು ಎಷ್ಟು ವರ್ಸ ಆಯ್ತಮ್ಮ? ನೀನೇ ಏಳು. ನೀನ್ ಏಳಿದ್ದಕ್ಕೆ ಎರಡೂರೂ ಸೈ" ಎಂದ ನಾಗೇಶ್. ಜಗಳ ಮುಗಿದರೆ ಸಾಕೆಂದು ರಸ್ತೆಯ ಎಂಜಿನಿಯರ್ ಕೂಡ ಅವಳ ಮುಖವನ್ನೇ ನೋಡಿದ.

ಹನ್ನೊಂದು ವರ್ಷವಾಗಿತ್ತು. ಆದರೆ ಅದಕ್ಕೂ ಹಿಂದೆ ಒಂದು ಶ್ರಾವಣದಲ್ಲಿ ಅದೇ ಕಾಲುವೆ ಎದೆಮಟ್ಟ ಹರಿದು ಅವಳ ಎಮ್ಮೆಯನ್ನು ಕೊಚ್ಚಿಕೊಂಡು ಹೋಗಿತ್ತು. ಆ ಮಾತು ನಾಲಿಗೆಯ ತುದಿಗೆ ಬಂತು. ಆಡಿದರೆ ರಾಜಿ ಮುರಿಯುತ್ತದೆ, ರಸ್ತೆ ನಿಲ್ಲುತ್ತದೆ. ಮೇಲಾಗಿ ಇಷ್ಟು ವರ್ಷಗಳ ಮೇಲೆ ಇಷ್ಟು ಜನ ಅವಳ ಮಾತಿಗೆ ಕಿವಿಗೊಟ್ಟು ಕೂತಿದ್ದಾರೆ. ಅಯ್ಯೋ, ಹೊಗಳಿಕೆಗೆ ಉಬ್ಬದವರು ಯಾರಿದ್ದಾರೆ ಹೇಳಿ!

"ಅವರದು ನಾಲ್ಕು, ನಿಂದು ಸೊನ್ನೆ. ಎರಡಡಿ ಆಕ್ರಪ್ಪ" ಎಂದುಬಿಟ್ಟಳು.

ಚಪ್ಪಾಳೆ ಬಿತ್ತು. ಅನಂತರಾಜು ಕೈ ಮುಗಿದ. ಅವಳು ಮಾತ್ರ ಅಲ್ಲಿ ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಯುಗಾದಿಯ ಹೊತ್ತಿಗೆ ರಸ್ತೆಯಾಯಿತು. ಮೊಮ್ಮಗಳನ್ನು ನೋಡಲು ದಿನಾ ಹೋಗುವವಳು ಪೈಪು ಹೂತ ಮೋರಿಯ ಬಳಿ ನಿಂತೇ ಹೋಗುತ್ತಿದ್ದಳು. ಒಂದು ದಿನ ಪೈಪಿನ ಬಾಯಿಗೆ ಪ್ಲಾಸ್ಟಿಕ್ಕು ಸಿಕ್ಕಿರುತ್ತಿತ್ತು, ಇನ್ನೊಂದು ದಿನ ಯಾರೋ ಸುರಿದ ಕಟ್ಟಡದ ಮಣ್ಣು. ಕೋಲಿನಿಂದ ಎಳೆದು ತೆಗೆಯುವಳು, ಮರುದಿನ ಮತ್ತೆ ಅಷ್ಟೇ. ಮೋಡ ಕಂಡ ದಿನ ಎರಡೆರಡು ಸಲ ಬಂದು ನೋಡುತ್ತಿದ್ದಳು. ಮಗಳಿಗೆ ಹೇಳಬೇಕೆಂದು ಹೋದವಳು ಹೇಳದೆಯೇ ತಿರುಗಿ ಬರುತ್ತಿದ್ದಳು.

ಆಗಸ್ಟಿನ ಒಂದು ಮಧ್ಯಾಹ್ನ ಮಳೆ ಹಿಡಿದದ್ದು ಮೂರು ಗಂಟೆ ಕಾಲ ಸುರಿದರೂ ಬಿಡಲಿಲ್ಲ. ಮುನಿಗಂಗಮ್ಮ ಗೋಣಿ ಹೊದ್ದು ಓಡಿದಳು. ಪೈಪಿನ ಬಾಯಿ ಕಾಣಲೇ ಇಲ್ಲ. ಕೆಂಪು ನೀರು ರಸ್ತೆಗೆ ಒತ್ತಿಕೊಂಡು ನಿಂತು ಮೆಲ್ಲಗೆ ಅಬ್ಬಿಗೆರೆಯ ತಗ್ಗಿಗೆ ಹಿಂದಿರುಗುತ್ತಿತ್ತು. ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದಳು.

"ಮಗೂನ ಎತ್ಕೊಂಡು ಎದುರು ಮನೆ ತಾರಸಿಗೆ ಓಗೇ, ಬೇಗ!"

ನಾಗಲಕ್ಷ್ಮಿ ನಕ್ಕಳು. "ಏನೂ ಆಗಲ್ಲ ಕಣಮ್ಮ. ಬೀದಿಯೋರೆಲ್ಲ ಎದ್ರುಕೊಂಡವ್ರೆ. ನಾನೇ ಧೈರ್ಯ ಏಳಿದೀನಿ, ಎರಡಡಿ ಸಾಕು ಅಂತ ನಮ್ಮಮ್ಮನೇ ಏಳವ್ಳೆ ಅಂತ."

"ಸಾಕಾಗಲ್ಲ ಅಂತ ನಂಗೊತ್ತಿತ್ತು ಕಣೇ! ಗೊತ್ತಿದ್ದೇ ಏಳ್ದೆ!"

ಆ ಕಡೆಯಿಂದ ಮಗು ಅಳುವುದು ಕೇಳಿಸಿತು.

"ಅಮ್ಮಾ, ಬಾಗಿಲ ಕೆಳಗಿಂದ ನೀರು ಬರ್ತಾ ಐತೆ" ಎಂದಳು ನಾಗಲಕ್ಷ್ಮಿ.